ಭಯಕ್ಕೆ ಬೈಗುಳವಲ್ಲ, ಉತ್ತರ ಬೇಕು

(ಕುಟುಂಬ ಸಮಾವೇಶವೊಂದರಲ್ಲಿ ಮಾಡಿದ ಭಾಷಣದ ಬರಹರೂಪ)



ಆರೋಗ್ಯ ಕಾರ್ಯಕರ್ತೆ ಬಂದರೆ ಮುಸ್ಲಿಮರು ಬಾಗಿಲು ಮುಚ್ಚುತ್ತಾರೆ ಎಂಬ ಆರೋಪವನ್ನು ನಾವು ಬಹುಕಾಲದಿಂದ ಕೇಳುತ್ತಾ ಬಂದಿದ್ದೇವೆ. ಆ ಬಾಗಿಲು ಏಕೆ ಮುಚ್ಚಿತೆಂದು ವಿಚಾರಿಸಿದವರು ವಿರಳ. ಅದನ್ನು ತೆರೆಯುವ ಬಗೆಯನ್ನು ನಾವೂ ಗಂಭೀರವಾಗಿ ಚಿಂತಿಸಿಲ್ಲ.

ತುರ್ತು ಪರಿಸ್ಥಿತಿಯನ್ನು ಸ್ಮರಿಸಿಕೊಳ್ಳಿ. 1976-77ರ ಒಂದೇ ವರ್ಷದಲ್ಲಿ ದೇಶದಲ್ಲಿ 80 ಲಕ್ಷಕ್ಕೂ ಅಧಿಕ ಸಂತಾನಹರಣ ಶಸ್ತ್ರಚಿಕಿತ್ಸೆಗಳು ನಡೆದವು. ಹರಿಯಾಣದ ಉಟಾವರ್ ಗ್ರಾಮವನ್ನು ಪೊಲೀಸರು ಸುತ್ತುವರಿದು ಗಂಡಸರನ್ನು ಹಿಡಿದೊಯ್ದರು. ಎಲ್ಲ ಧರ್ಮಗಳ ಬಡವರೂ ಅದಕ್ಕೆ ಬಲಿಯಾದರು. ಬಲಾತ್ಕಾರ ನಿಂತರೂ ಅದು ಬಿತ್ತಿದ ಭಯ ನಿಲ್ಲಲಿಲ್ಲ.

ಸುಮಾರು 25 ವರ್ಷಗಳ ಬಳಿಕ ಅದೇ ಭಯವು ಪೋಲಿಯೋ ಹನಿಯ ವಿರುದ್ಧ ತಲೆಯೆತ್ತಿತು. ಹನಿ ಹಾಕಿಸಿದರೆ ಮಕ್ಕಳಿಗೆ ಮುಂದೆ ಸಂತಾನವಾಗದು ಎಂಬ ಗಾಳಿಸುದ್ದಿ ಪಶ್ಚಿಮ ಉತ್ತರ ಪ್ರದೇಶದಲ್ಲಿ ಹಬ್ಬಿತು. 2002ರಲ್ಲಿ ದೇಶದಲ್ಲಿ 1600 ಮಕ್ಕಳು ಪೋಲಿಯೋ ಪೀಡಿತರಾದರು. ಹೆಚ್ಚಿನವರು ಆ ರಾಜ್ಯದವರೇ. ಅವರಲ್ಲಿ ನಮ್ಮ ಸಮುದಾಯದ ಮಕ್ಕಳು ಜನಸಂಖ್ಯೆಯ ಪ್ರಮಾಣಕ್ಕಿಂತ ಬಹಳ ಹೆಚ್ಚಾಗಿದ್ದರು. ಸುಳ್ಳನ್ನು ನಂಬಿದವರು ಹಿರಿಯರು, ಕಾಲು ಕಳೆದುಕೊಂಡವರು ಕಂದಮ್ಮಗಳು.

ಪರಿಸ್ಥಿತಿ ಬದಲಾದದ್ದು ಗದರಿಕೆಯಿಂದಲ್ಲ. ಅದೇ ಮೊಹಲ್ಲಾದ ಮಹಿಳೆಯರು ಮನೆಮನೆಗೆ ಹೋಗಿ ತಾಯಂದಿರೊಂದಿಗೆ ಕುಳಿತು ಮಾತನಾಡಿದರು. ಇಮಾಮರು ಮಸೀದಿಯಿಂದ ಕರೆ ನೀಡಿದರು. ಅಲೀಗಢ ಮುಸ್ಲಿಮ್ ವಿಶ್ವವಿದ್ಯಾಲಯ, ಜಾಮಿಯಾ ಮಿಲ್ಲಿಯಾ ಇಸ್ಲಾಮಿಯಾಗಳು ಕೈಜೋಡಿಸಿದವು. “ಕುಡಿಯಲು ಶುದ್ಧ ನೀರಿಲ್ಲ, ಜ್ವರಕ್ಕೆ ಔಷಧಿಯಿಲ್ಲ, ಈ ಹನಿಗೆ ಮಾತ್ರ ಏಕಿಷ್ಟು ಆತುರ?” ಎಂಬ ಜನರ ಪ್ರಶ್ನೆಯನ್ನು ಅಧಿಕಾರಿಗಳು ತಡವಾಗಿಯಾದರೂ ಕೇಳಿಸಿಕೊಂಡರು. ನೈರ್ಮಲ್ಯ, ಸ್ತನ್ಯಪಾನ, ಭೇದಿಯ ಚಿಕಿತ್ಸೆಗಳೂ ಕಾರ್ಯಕ್ರಮದ ಭಾಗವಾದವು. ದೇಶದ ಕೊನೆಯ ವನ್ಯ ಪೋಲಿಯೋ ಪ್ರಕರಣ ವರದಿಯಾದದ್ದು 2011ರ ಜನವರಿಯಲ್ಲಿ. 2014ರ ಮಾರ್ಚ್‌ನಲ್ಲಿ ಭಾರತ ಪೋಲಿಯೋಮುಕ್ತವೆಂಬ ದೃಢೀಕರಣ ದೊರೆಯಿತು.

ಸಹೋದರರೇ, ಇದೇ ಪಾಠ ಹೆರಿಗೆಗಳ ನಡುವಿನ ಅಂತರಕ್ಕೂ ಅನ್ವಯಿಸುತ್ತದೆ. ವರ್ಷಕ್ಕೊಂದು ಹೆರಿಗೆಯಾಗಿ ರಕ್ತಹೀನತೆಯಿಂದ ಬಳಲುವ ಸಹೋದರಿಗೆ ‘ತವಕ್ಕುಲ್’ನ ಉಪದೇಶ ಮಾಡಿ ಕೈತೊಳೆದುಕೊಳ್ಳುವುದು ಧರ್ಮವೇ? ಸ್ತನ್ಯಪಾನವನ್ನು ಪೂರ್ಣಗೊಳಿಸಲು ಬಯಸುವವರಿಗೆ ಪವಿತ್ರ ಕುರ್‌ಆನಿನ ಅಲ್‌ಬಕರ ಅಧ್ಯಾಯ ಎರಡು ಪೂರ್ಣ ವರ್ಷಗಳ ಅವಧಿಯನ್ನು ಹೇಳುತ್ತದೆ. ಒಂದು ಹೆರಿಗೆಯ ನಂತರ ಮುಂದಿನ ಗರ್ಭಧಾರಣೆಗೆ ಕನಿಷ್ಠ 24 ತಿಂಗಳು ಕಾಯಬೇಕೆಂದು ವಿಶ್ವ ಆರೋಗ್ಯ ಸಂಸ್ಥೆಯೂ ಸಲಹೆ ನೀಡುತ್ತದೆ. ಪ್ರವಾದಿವರ್ಯರ(ಸ) ಕಾಲದಲ್ಲಿ ‘ಅಝ್ಲ್’ ರೂಢಿಯಲ್ಲಿತ್ತೆಂಬ ಜಾಬಿರ್‌ರ(ರ) ವರದಿ ಬುಖಾರಿ, ಮುಸ್ಲಿಮ್ ಎರಡರಲ್ಲೂ ಇದೆ. ಇಮಾಮ್ ಗಝ್ಝಾಲಿಯವರು ಅದನ್ನು ಅನುಮತಿಸಿದ್ದಾರೆ. ಶಾಶ್ವತ ಸಂತಾನಹರಣದ ಬಗ್ಗೆ ವಿದ್ವಾಂಸರಿಗಿರುವ ಆಕ್ಷೇಪವೇ ಬೇರೆ, ತಾತ್ಕಾಲಿಕ ಅಂತರವೇ ಬೇರೆ. ಎರಡನ್ನೂ ಬೆರೆಸಿ ಗೊಂದಲ ಹುಟ್ಟಿಸಬಾರದು.

ಆರೋಗ್ಯ ಇಲಾಖೆಗೂ ಒಂದು ಮಾತು ಹೇಳಬೇಕಾಗಿದೆ. 2017ರಿಂದ ಸರಕಾರಿ ಆಸ್ಪತ್ರೆಗಳಲ್ಲಿ ಉಚಿತವಾಗಿ ದೊರೆಯಲಾರಂಭಿಸಿದ ‘ಅಂತರಾ’ ಚುಚ್ಚುಮದ್ದನ್ನು ಮೂರು ತಿಂಗಳಿಗೊಮ್ಮೆ ಕೊಡುತ್ತಾರೆ. ಅದರಿಂದ ಮುಟ್ಟು ಏರುಪೇರಾಗಬಹುದು, ಕೆಲವರಿಗೆ ನಿಂತೂ ಹೋಗಬಹುದು. ಬಿಟ್ಟ ಮೇಲೆ ಗರ್ಭ ನಿಲ್ಲಲು ಕೆಲವು ತಿಂಗಳು ಹಿಡಿಯಬಹುದು. ಆದರೆ ಅದು ಬಂಜೆತನವಲ್ಲ. ಇಷ್ಟನ್ನು ಮೊದಲೇ ಹೇಳಿದರೆ ಹೆಣ್ಣುಮಗಳು ಸಿದ್ಧಳಾಗಿರುತ್ತಾಳೆ. ಮುಚ್ಚಿಟ್ಟರೆ, ಮುಟ್ಟು ನಿಂತ ದಿನವೇ ಓಣಿಯಲ್ಲಿ ಹೊಸ ಗಾಳಿಸುದ್ದಿ ಹುಟ್ಟುತ್ತದೆ. ಅದಕ್ಕೆ ಹೊಣೆ ಯಾರು?

ನಮ್ಮ ಸಂಖ್ಯೆಯನ್ನು ತೋರಿಸಿ ದೇಶವನ್ನು ಹೆದರಿಸುವ ರಾಜಕಾರಣವೂ ಇದೆ. ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ 1992-93ರಲ್ಲಿ ಮುಸ್ಲಿಮ್ ಮಹಿಳೆಗೆ ಸರಾಸರಿ 4.4 ಮಕ್ಕಳಿದ್ದರೆ, 2019-21ರಲ್ಲಿ 2.36ಕ್ಕೆ ಇಳಿದಿದೆ. ಇದು ಬಲಾತ್ಕಾರದ ಫಲವಲ್ಲ. ಹೆಣ್ಣುಮಕ್ಕಳ ಶಿಕ್ಷಣ ಇದರಲ್ಲಿ ದೊಡ್ಡ ಪಾತ್ರ ವಹಿಸಿದೆ. ಆದರೆ ಅಪಪ್ರಚಾರದ ಮೇಲಿನ ಸಿಟ್ಟಿಗೆ ನಮ್ಮ ತಾಯಂದಿರ ಆರೋಗ್ಯವನ್ನು ಬಲಿಕೊಡುವುದು ವಿವೇಕವಲ್ಲ.

ಆದ್ದರಿಂದ ಪ್ರತಿಯೊಂದು ಜಮಾಅತ್ ವರ್ಷಕ್ಕೆರಡು ಬಾರಿಯಾದರೂ ಮಹಿಳಾ ವೈದ್ಯರನ್ನು ಕರೆಸಲಿ; ಸಹೋದರಿಯರು ಸಂಕೋಚವಿಲ್ಲದೆ ಪ್ರಶ್ನಿಸಲಿ. ಪತಿಯಂದಿರು ಪ್ರತ್ಯೇಕವಾಗಿ ಕುಳಿತು ಕೇಳಲಿ. ನಿರ್ಧಾರ ದಂಪತಿಗಳದ್ದು, ಅದಕ್ಕೆ ಬೇಕಾದ ಸತ್ಯವನ್ನು ತಲುಪಿಸುವುದು ನಮ್ಮ ಹೊಣೆ.

ಸತ್ಯವನ್ನು ಹೇಳುವ ಧೈರ್ಯವನ್ನೂ ಕೇಳುವ ಸಹನೆಯನ್ನೂ ಅಲ್ಲಾಹನು ನಮಗೆ ಕರುಣಿಸಲಿ. ಆಮೀನ್.