ದುಡ್ಡು ಬರಬೇಕಾ, ಕೊಡಬೇಕಾ? ಇಂಗ್ಲಿಷಿನ ‘ಓ’ ಕ್ರಿಯಾಪದ

ನೋಯ್ಡಾ, ಗುರುಗ್ರಾಮ, ದೆಹಲಿ ಕಡೆ ಕೆಲಸಕ್ಕೆ ಬಂದಿರೋ ನಮ್ಮ ಕನ್ನಡದ ಗೆಳೆಯರಿಗೆ ಇವತ್ತು ಒಂದೇ ಒಂದು ಇಂಗ್ಲಿಷ್ ಕ್ರಿಯಾಪದದ ಬಗ್ಗೆ ಹೇಳ್ತೀನಿ. ಮೂರೇ ಅಕ್ಷರ: ಓ, ಡಬ್ಲ್ಯು, ಇ. ಉಚ್ಚಾರಣೆ ‘ಓ’ ಅಷ್ಟೇ. ಕೊಡೋದು ಬಾಕಿ ಇದೆ ಅನ್ನೋದು ಅರ್ಥ. ಇದು ಉಲ್ಟಾ ಆದ್ರೆ ಸಾಲಗಾರ ಯಾರು ಅನ್ನೋದೇ ಬದಲಾಗಿಬಿಡುತ್ತೆ.

ನಮಗೆ ಇದು ಯಾಕೆ ತೊಡಕು ಅಂತ ಮೊದಲು ನೋಡೋಣ. ಕನ್ನಡದಲ್ಲಿ ದಿನಬಳಕೆಗೆ ಈ ಅರ್ಥದ ಒಂದೇ ಕ್ರಿಯಾಪದ ಇಲ್ಲ. ನಾವು ಎರಡು ರೀತಿ ಹೇಳ್ತೀವಿ. ಒಂದು, ‘ಅವರು ನನಗೆ 500 ರೂಪಾಯಿ ಕೊಡಬೇಕು’. ಇನ್ನೊಂದು, ‘ನನಗೆ ಅವರಿಂದ 500 ರೂಪಾಯಿ ಬರಬೇಕು’. ಮೊದಲನೇ ವಾಕ್ಯದಲ್ಲಿ ಕೊಡಬೇಕಾದ ಮನುಷ್ಯ ಕರ್ತೃ. ಎರಡನೇದರಲ್ಲಿ ದುಡ್ಡೇ ಕರ್ತೃ, ತಾನೇ ನಡ್ಕೊಂಡು ಬರೋ ಹಾಗೆ! ಕೇಳೋಕೆ ಸಂಕೋಚ ಆದಾಗ ನಮ್ಮ ಬಾಯಿಗೆ ಬರೋದು ಈ ಎರಡನೇದೇ. ‘ಏನಿಲ್ಲ ಸಾರ್, ಆ ದುಡ್ಡು ಬರಬೇಕಿತ್ತು...’ ಅಂತೀವಿ.

ಇಲ್ಲಿ ಹಿಂದಿ ಬೇರೆ ಸೇರ್ಕೊಳ್ಳುತ್ತೆ. ‘ಮುಝೇ ಆಪ್‌ಕೋ 500 ದೇನೇ ಹೈಂ’ ಅನ್ನೋ ವಾಕ್ಯದಲ್ಲಿ ಕೊಡೋನಿಗೂ ತಗೊಳ್ಳೋನಿಗೂ ಎರಡಕ್ಕೂ ನಮ್ಮ ‘ಗೆ’ ಥರದ ಪ್ರತ್ಯಯವೇ. ಸಂದರ್ಭ ನೋಡಿ ಅರ್ಥ ಮಾಡ್ಕೋಬೇಕು. ಎದುರು ನಿಂತು ಮಾತಾಡುವಾಗ ಅದೇನೂ ತೊಂದರೆ ಇಲ್ಲ. ಇಂಗ್ಲಿಷಲ್ಲಿ ಮೆಸೇಜ್ ಬರೆಯೋವಾಗ ತೊಂದರೆ.

ನನ್ನ ಗೆಳೆಯರೊಬ್ಬರು ದಾವಣಗೆರೆಯವರು, ನೋಯ್ಡಾದಲ್ಲಿ ಫ್ಲ್ಯಾಟ್ ಖಾಲಿ ಮಾಡಿದ್ರು. ಬೆಂಗಳೂರಲ್ಲಿ ನಾವು ‘ಅಡ್ವಾನ್ಸ್’ ಅನ್ನೋದನ್ನ ಇಲ್ಲಿ ‘ಸೆಕ್ಯುರಿಟಿ’ ಅಂತಾರೆ. 36,000 ವಾಪಸ್ ಬರಬೇಕಿತ್ತು. ಓನರ್‌ಗೆ ಇವರು ಬರೆದಿದ್ದು, ‘ಸರ್, ಐ ಓ 36,000 ಫ್ರಮ್ ಯು’. ಅವರ ಮನಸ್ಸಲ್ಲಿದ್ದ ವಾಕ್ಯ ‘ನನಗೆ ನಿಮ್ಮಿಂದ ಬರಬೇಕು’. ಆದ್ರೆ ‘ಐ ಓ’ ಅಂದ ತಕ್ಷಣ ಸಾಲಗಾರ ನಾನೇ ಅಂತಾಯ್ತು. ‘ಫ್ರಮ್’ ಹಾಕಿದ್ರೂ ಅದು ಸರಿಹೋಗಲ್ಲ. ಓನರ್ ಕಡೆಯಿಂದ ಬಂದ ಉತ್ತರ: ಯಾವ ದುಡ್ಡು? ಮತ್ತೆ ಫೋನ್ ಮಾಡಿ ವಿವರಿಸಿ, ಬೇರೆ ಮೆಸೇಜ್ ಕಳಿಸಬೇಕಾಯ್ತು. ನಾಳೆ ಜಗಳ ಬೆಳೆದ್ರೆ ಇಂಥ ಮೆಸೇಜುಗಳೇ ನಿಮ್ಮ ದಾಖಲೆ, ಅದಕ್ಕೇ ಇಷ್ಟು ಹೇಳ್ತಿರೋದು.

ಈಗ ನಿಯಮಕ್ಕೆ ಬರೋಣ.

ಒಂದು: ಕೊಡಬೇಕಾದವನೇ ಕರ್ತೃ. ‘ಯು ಓ ಮಿ 36,000’ ಅಂದ್ರೆ ನೀವು ನನಗೆ ಕೊಡಬೇಕು. ‘ಐ ಓ ಯು 500’ ಅಂದ್ರೆ ನಾನು ನಿಮಗೆ ಕೊಡಬೇಕು. ಕನ್ನಡದಲ್ಲಿ ‘ಕೊಡಬೇಕು’ ವಾಕ್ಯ ಮಾಡ್ಕೊಂಡು ಆಮೇಲೆ ಇಂಗ್ಲಿಷಿಗೆ ಹೋಗಿ. ‘ಬರಬೇಕು’ ವಾಕ್ಯದಿಂದ ಹೋದ್ರೆ ದಾರಿ ತಪ್ಪುತ್ತೆ.

ಎರಡು: ಮನುಷ್ಯ ಮೊದಲು ಬಂದ್ರೆ ‘ಟು’ ಬೇಡ. ‘ಐ ಓ ಹಿಮ್ 500’. ದುಡ್ಡು ಮೊದಲು ಬಂದ್ರೆ ‘ಟು’ ಬೇಕು. ‘ಐ ಓ 500 ಟು ಹಿಮ್’. ‘ಐ ಓ ಟು ಹಿಮ್ 500’ ಅನ್ನೋದು ಬೇಡ.

ಮೂರು: ‘ಐ ಆಮ್ ಓಯಿಂಗ್’ ಅನ್ನಬೇಡಿ. ಸಾಲ ಅನ್ನೋದು ಒಂದು ಸ್ಥಿತಿ, ನಡೀತಿರೋ ಕೆಲಸ ಅಲ್ಲ. ‘ಓಯಿಂಗ್ ಟು’ ಅನ್ನೋದು ಬೇರೇನೇ. ಅದಕ್ಕೆ ‘ಕಾರಣದಿಂದ’ ಅಂತ ಅರ್ಥ. ಮಂಜಿನ ಕಾರಣ ಫ್ಲೈಟ್ ತಡ ಅಂತ ಚಳಿಗಾಲದಲ್ಲಿ ಹೇಳ್ತೀವಲ್ಲ, ಅಲ್ಲಿ ಬಳಸಿ.

ನಾಲ್ಕು: ಭೂತಕಾಲ ‘ಓಡ್’. ಸಾಲ ಮಾಡಿ ಓಡು ಅಂತಲ್ಲ! ಇದೇ ರೂಪದಿಂದ ನಮ್ಮ ‘ಬರಬೇಕು’ ವಾಕ್ಯಕ್ಕೂ ಇಂಗ್ಲಿಷಲ್ಲಿ ಜಾಗ ಸಿಗುತ್ತೆ. ‘ಐ ಆಮ್ ಓಡ್ 36,000’ ಅಂದ್ರೆ ನನಗೆ 36,000 ಬರಬೇಕು. ‘ಆಮ್’ ಬಿಟ್ಟು ‘ಐ ಓಡ್ 36,000’ ಅಂದ್ರೆ ನಾನೇ ಅಷ್ಟು ಕೊಡಬೇಕಿತ್ತು ಅಂತಾಗುತ್ತೆ. ಒಂದು ಪುಟ್ಟ ಪದ ಬಿದ್ದುಹೋದ್ರೆ ಲೆಕ್ಕದ ಪುಸ್ತಕದಲ್ಲಿ ಜಮಾ ಹೋಗಿ ಖರ್ಚಾದ ಹಾಗೆ.

ಇದರ ಚರಿತ್ರೆ ಕೂಡ ಚೆನ್ನಾಗಿದೆ. ಹಳೇ ಇಂಗ್ಲಿಷಲ್ಲಿ ಈ ಪದದ ಮೂಲಕ್ಕೆ ‘ಹೊಂದಿರು’ ಅನ್ನೋ ಅರ್ಥ ಇತ್ತು. ‘ಓನ್’ ಕೂಡ ಅದೇ ಬೇರಿನದು. ಷೇಕ್ಸ್‌ಪಿಯರ್ ಕಾಲದಲ್ಲೂ ‘ಓ’ ಅಂದ್ರೆ ‘ನನ್ನದಾಗಿರು’ ಅಂತ ಬಳಕೆ ಇತ್ತು. ‘ಮಾಡಲೇಬೇಕು’ ಅನ್ನೋ ಅರ್ಥದ ‘ಆಟ್’ ಇದೆಯಲ್ಲ, ‘ಆಟ್ ಟು’ ಅಂತ ಸ್ಕೂಲಲ್ಲಿ ಓದಿದ್ದು, ಅದು ಮೂಲದಲ್ಲಿ ಇದೇ ಕ್ರಿಯಾಪದದ ಭೂತಕಾಲ. ಅಂದ್ರೆ ಅವರ ಭಾಷೆಯಲ್ಲೂ ಸಾಲ ಮತ್ತು ಕರ್ತವ್ಯ ಒಂದೇ ಮನೆಯವು. ನಮ್ಮ ‘ಕೊಡಬೇಕು’ ಅನ್ನೋದರ ‘ಬೇಕು’ ಹಾಗೇ ಅಲ್ವಾ?

ದುಡ್ಡಿನಾಚೆಗೂ ಈ ಪದ ಹೋಗುತ್ತೆ, ನಮ್ಮ ‘ಋಣ’ದ ಹಾಗೆ. ಅನ್ನದ ಋಣ, ಮಣ್ಣಿನ ಋಣ ಅಂತೀವಲ್ಲ. ಆಫೀಸಲ್ಲಿ ‘ಐ ಓ ಯು ಎ ಕೋಡ್ ರಿವ್ಯೂ’ ಅಂದ್ರೆ ನಿಮ್ಮ ರಿವ್ಯೂ ನನ್ನ ಮೇಲೆ ಬಾಕಿ ಇದೆ, ಮರೆತಿಲ್ಲ ಅಂತ. ‘ಐ ಓ ಯು ಒನ್’ ಅಂದ್ರೆ ನೀವು ಮಾಡಿದ ಉಪಕಾರ ತೀರಿಸ್ತೀನಿ ಅಂತ.

ಕೊನೆಗೆ ದುಡ್ಡು ಕೇಳೋ ಮೆಸೇಜ್. ‘ಯು ಓ ಮಿ’ ನೇರ ಮಾತು, ಸ್ವಲ್ಪ ಗಟ್ಟಿ. ಮೊದಲ ಮೆಸೇಜಿಗೆ ‘ಡ್ಯೂ’ ಬಳಸಿ: ‘ಸರ್, ಐ ವೆಕೇಟೆಡ್ ದ ಫ್ಲ್ಯಾಟ್ ಆನ್ ಜೂನ್ 30. ಮೈ ಸೆಕ್ಯುರಿಟಿ ಡಿಪಾಸಿಟ್ ಆಫ್ 36,000 ಈಸ್ ಸ್ಟಿಲ್ ಡ್ಯೂ. ಪ್ಲೀಸ್ ಟ್ರಾನ್ಸ್‌ಫರ್ ಇಟ್ ಬೈ ಜುಲೈ 10.’ ತಾರೀಖು, ಮೊತ್ತ, ಗಡುವು ಮೂರೂ ಇರಲಿ. ಅದಕ್ಕೂ ಜವಾಬು ಬರಲಿಲ್ಲ ಅಂದ್ರೆ ಎರಡನೇ ಸಲ ‘ಯು ಓ ಮಿ 36,000’ ಅಂತಲೇ ಬರೀರಿ, ಅದು ಒರಟುತನ ಅಲ್ಲ. ಹೊಸ ಮನೆ ಹಿಡಿಯೋರಿಗೆ ಇನ್ನೊಂದು ಮಾತು: ಕೇಂದ್ರದ 2021ರ ಮಾದರಿ ಬಾಡಿಗೆ ಕಾಯ್ದೆಯಲ್ಲಿ ವಾಸದ ಮನೆಗೆ ಡಿಪಾಸಿಟ್ ಎರಡು ತಿಂಗಳ ಬಾಡಿಗೆ ಮೀರಬಾರದು ಅಂತಿದೆ. ಅದು ಮಾದರಿ ಮಾತ್ರ, ರಾಜ್ಯಗಳು ತಮ್ಮ ತಮ್ಮ ಕಾನೂನು ಮಾಡ್ಕೋಬೇಕು. ಕರಾರುಪತ್ರದಲ್ಲಿ ಎಷ್ಟು ಕೊಟ್ರಿ, ಯಾವಾಗ ವಾಪಸ್ ಅಂತ ಬರೆಸ್ಕೊಳ್ಳಿ.

ಇವತ್ತು ರಾತ್ರಿ ಒಂದು ಕೆಲಸ ಮಾಡಿ. ಯಾರಿಗೆ ಕೊಡಬೇಕು, ಯಾರಿಂದ ಬರಬೇಕು ಅಂತ ನಿಮ್ಮದೇ ಎರಡು ಲೆಕ್ಕ ಈ ಪದ ಹಾಕಿ ಇಂಗ್ಲಿಷಲ್ಲಿ ಬರೀರಿ. ಕೊಡೋದಿದ್ರೆ ಬೆಳಗ್ಗೆನೇ ಯುಪಿಐ ಮಾಡಿಬಿಡಿ!