ಕೋತಿಗಳು ಕಲಿತ ರಾಜಿ

ನಂದಿ ಬೆಟ್ಟದಲ್ಲಿ ಕೈಯಲ್ಲಿದ್ದ ತಿಂಡಿ ಪೊಟ್ಟಣ ಕಿತ್ತುಕೊಂಡು ಓಡುವ ಕೋತಿಗಳನ್ನು ಚಿಕ್ಕಬಳ್ಳಾಪುರದ ಕಡೆಯ ಮಕ್ಕಳೆಲ್ಲ ನೋಡಿರುತ್ತೀರಿ. ಅವು ಬಾನೆಟ್ ಕೋತಿಗಳು. ದಕ್ಷಿಣ ಭಾರತ ಬಿಟ್ಟರೆ ಬೇರೆಲ್ಲೂ ಅವುಗಳ ನೆಲೆಯಿಲ್ಲ. ಮುಂದಿನ ಸಲ ಹೋದಾಗ ಅವುಗಳ ಜಗಳ ಮುಗಿದ ಮೇಲೆ ಏನಾಗುತ್ತದೆ ಅಂತ ಸ್ವಲ್ಪ ಹೊತ್ತು ದೂರದಲ್ಲೇ ನಿಂತು ನೋಡಿ. ಈಗಷ್ಟೇ ಹಲ್ಲು ಕಿರಿದು ಅಟ್ಟಾಡಿಸಿಕೊಂಡ ಎರಡು ಕೋತಿಗಳು ಕೆಲವು ಸಲ ಮತ್ತೆ ಹತ್ತಿರ ಬರುತ್ತವೆ. ಒಂದು ಬೆನ್ನು ಕೊಟ್ಟು ಕೂರುತ್ತದೆ, ಇನ್ನೊಂದು ಅದರ ಕೂದಲು ಬಿಡಿಸಿ ಹೆಕ್ಕತೊಡಗುತ್ತದೆ. ಕೋತಿಗಳ ರಾಜಿ ಅಂದರೆ ಇದೇ. ಮೈಸೂರು ವಿಶ್ವವಿದ್ಯಾನಿಲಯದ ಮೇವಾ ಸಿಂಗ್ ಮತ್ತು ಸಂಗಡಿಗರು ಬಾನೆಟ್ ಕೋತಿಗಳ ಈ ನಡವಳಿಕೆಯನ್ನು ಅಧ್ಯಯನ ಮಾಡಿದ್ದಾರೆ.

ರಾಜಿಯಾಗುವುದು ಹುಟ್ಟುಗುಣವೋ, ಕಲಿತು ಬರುವುದೋ? ಫ್ರಾನ್ಸ್ ಡಿ ವಾಲ್ ಎಂಬ ವಿಜ್ಞಾನಿ ಇದನ್ನು ಪರೀಕ್ಷಿಸಿಯೇ ನೋಡಿದರು. ಉತ್ತರ ಭಾರತದ ರೀಸಸ್ ಕೋತಿಗಳು ಜಗಳಗಂಟಿಗಳು, ರಾಜಿಯಾಗುವುದು ಕಡಿಮೆ. ಮೋಟುಬಾಲದ ಕೋತಿಗಳೋ ಜಗಳವಾಡಿದರೂ ಬೇಗ ಒಂದಾಗುತ್ತವೆ. ಎಳೆಯ ರೀಸಸ್ ಕೋತಿಗಳನ್ನು ಈ ಮೋಟುಬಾಲದವುಗಳ ಜೊತೆ 5 ತಿಂಗಳು ಇರಿಸಿದರು. ರೀಸಸ್ ಮರಿಗಳು ಜಗಳವಾಡಿದ ಮೇಲೆ ರಾಜಿಯಾಗುವುದು ಸುಮಾರು ಮೂರು ಪಟ್ಟು ಹೆಚ್ಚಿತು. ಗೆಳೆಯರನ್ನು ಬೇರೆ ಮಾಡಿದ ಮೇಲೂ ಆ ಅಭ್ಯಾಸ ಉಳಿಯಿತು. 1993ರಲ್ಲಿ ಪ್ರಕಟವಾದ ಈ ಪ್ರಯೋಗ ನನಗೆ ಬಹಳ ಇಷ್ಟ. ಸಹವಾಸದಿಂದ ಕೋತಿಮರಿಯೇ ಕಲಿಯುವುದಾದರೆ ಏಳನೇ ಕ್ಲಾಸಿನವರು ಕಲಿಯದೆ ಇರುತ್ತಾರೆಯೇ?

ಡಿ ವಾಲ್ ಕಂಡ ಇನ್ನೊಂದು ಸಂಗತಿ ನಮಗೆ ಇನ್ನೂ ಹತ್ತಿರದ್ದು. ನೆದರ್‌ಲ್ಯಾಂಡ್ಸ್‌ನ ಆರ್ನೆಮ್ ಮೃಗಾಲಯದಲ್ಲಿ ಚಿಂಪಾಂಜಿಗಳ ಗುಂಪಿತ್ತು. ಎರಡು ಗಂಡುಗಳು ಮುನಿಸಿಕೊಂಡು, ಒಂದನ್ನೊಂದು ನೋಡದೆ ದೂರ ದೂರ ಕೂತಾಗ ಕೆಲವೊಮ್ಮೆ ಒಂದು ಹೆಣ್ಣು ಚಿಂಪಾಂಜಿ ಎದ್ದು ಹೋಗುತ್ತಿತ್ತು. ಮೊದಲು ಒಂದರ ಮೈ ಸವರಿ ಕೂದಲು ಹೆಕ್ಕುವುದು, ಆಮೇಲೆ ಮೆಲ್ಲಗೆ ಇನ್ನೊಂದರ ಕಡೆ ನಡೆಯುವುದು. ಮೊದಲನೆಯದು ಅದರ ಹಿಂದೆಯೇ ಬರುತ್ತಿತ್ತು. ಹೆಣ್ಣು ನಡುವೆ ಕೂರುತ್ತಿತ್ತು, ಆಚೆ ಈಚೆ ಎರಡೂ ಗಂಡುಗಳು. ಸ್ವಲ್ಪ ಹೊತ್ತಿಗೆ ಅದು ಸದ್ದಿಲ್ಲದೆ ಎದ್ದು ಹೋದರೆ, ಅವೆರಡು ಒಂದರ ಕೂದಲನ್ನೊಂದು ಹೆಕ್ಕುತ್ತಾ ಕೂತಿರುತ್ತಿದ್ದವು. ಯಾರದು ತಪ್ಪು ಎಂದು ಆ ಹೆಣ್ಣು ತೀರ್ಪು ಕೊಡಲಿಲ್ಲ.

ಶಾಲೆಯಲ್ಲಿ ಈ ಕೆಲಸವನ್ನು ಮಕ್ಕಳೇ ಮಾಡಬಹುದು. 1980ರ ದಶಕದಲ್ಲಿ ಅಮೆರಿಕದ ಹಲವು ಶಾಲೆಗಳು ವಿದ್ಯಾರ್ಥಿಗಳಿಗೆ ಇದರ ತರಬೇತಿ ಕೊಡತೊಡಗಿದವು. ಶಿಡ್ಲಘಟ್ಟದ ಹತ್ತಿರದ ಒಂದು ಶಾಲೆ ಎಂದುಕೊಳ್ಳೋಣ. ಖೋಖೋ ತಂಡದ ಇಬ್ಬರು ಹುಡುಗಿಯರು ಮಾತು ಬಿಟ್ಟಿದ್ದಾರೆ. "ಬೇಕಂತಲೇ ನನ್ನ ಹೆಸರು ಬಿಟ್ಟಳು" ಅನ್ನುತ್ತಾಳೆ ಒಬ್ಬಳು. "ಅವಳಿಗೆ ತಂಡದ ಮೇಲೆ ಆಸೆಯೇ ಇಲ್ಲ, ಮೂರು ದಿನ ಪ್ರಾಕ್ಟೀಸಿಗೇ ಬರಲಿಲ್ಲ" ಅನ್ನುತ್ತಾಳೆ ಇನ್ನೊಬ್ಬಳು. ಮೂರನೆಯ ಗೆಳತಿ ಇಬ್ಬರನ್ನೂ ಕೂರಿಸಿಕೊಂಡಿದ್ದಾಳೆ. ಒಬ್ಬಳು ಮಾತಾಡುವಾಗ ಇನ್ನೊಬ್ಬಳು ಬಾಯಿ ಹಾಕುವಂತಿಲ್ಲ. ಅವಳು ಮುಗಿಸಿದ ಮೇಲೆ ಕೇಳಿದವಳು ಆ ಮಾತನ್ನು ತನ್ನ ಬಾಯಿಂದ ತಿರುಗಿ ಹೇಳಬೇಕು. ಆಗ ವಿಷಯ ಹೊರಬರುತ್ತದೆ: ಪ್ರಾಕ್ಟೀಸಿಗೆ ಬಾರದವಳ ಮನೆಯಲ್ಲಿ ರೇಷ್ಮೆ ಹುಳುಗಳು ಹಣ್ಣಾಗಿದ್ದವು, ಚಂದ್ರಿಕೆಗೆ ಬಿಡಲು ಕೈ ಸಾಲದೆ ಅವಳು ಮನೆಯಲ್ಲೇ ಉಳಿದಿದ್ದಳು. ರೇಷ್ಮೆ ಸೀಮೆಯಲ್ಲಿ ಇದನ್ನು ವಿವರಿಸಿ ಹೇಳಬೇಕಾಗಿಲ್ಲ.

ಆ ಗೆಳತಿ ಕೇಳಿದ ಒಂದು ಪ್ರಶ್ನೆ ಮುಖ್ಯವಾದದ್ದು: "ನೀನು ಕಣ್ಣಾರೆ ಕಂಡದ್ದು ಯಾವುದು, ಅಂದುಕೊಂಡದ್ದು ಯಾವುದು?" ಪ್ರಾಕ್ಟೀಸಿಗೆ ಬರಲಿಲ್ಲ ಎಂಬುದು ಕಂಡದ್ದು. ಆಸೆಯಿಲ್ಲ ಎಂಬುದು ಅಂದುಕೊಂಡದ್ದು. ವಿಜ್ಞಾನಿಯೂ ದಿನವಿಡೀ ಇದನ್ನೇ ಕೇಳಿಕೊಳ್ಳುತ್ತಾನೆ. ಗೌರಿಬಿದನೂರು ತಾಲ್ಲೂಕಿನ ಹೊಸೂರಿನಲ್ಲಿ 1920ರಲ್ಲಿ ಹುಟ್ಟಿದ ಭೌತವಿಜ್ಞಾನದ ಮೇಷ್ಟ್ರು ಎಚ್. ನರಸಿಂಹಯ್ಯನವರು, ಯಾರೇ ಹೇಳಿದರೂ ಪ್ರಶ್ನಿಸದೆ ಒಪ್ಪಬೇಡಿ ಎಂದು ಜೀವನವಿಡೀ ಹೇಳಿದರು. ಕ್ಲಾಸಿನಲ್ಲಿ ಹಬ್ಬುವ ಗಾಳಿಮಾತಿಗೂ ಅದು ಸಲ್ಲುತ್ತದೆ.

ಆದರೆ ಕೋಪ ನೆತ್ತಿಗೇರಿದಾಗ ಯಾವ ಪ್ರಶ್ನೆಯೂ ತಲೆಗೆ ಹೋಗುವುದಿಲ್ಲ. ಮೆದುಳಿನೊಳಗೆ ಬಾದಾಮಿಯಂಥ ಅಮಿಗ್ಡಲಾ ಎಂಬ ಭಾಗವಿದೆ. ಅದು ಅಪಾಯದ ಸೂಚನೆ ಕೊಟ್ಟೊಡನೆ ಮೂತ್ರಪಿಂಡಗಳ ಮೇಲಿರುವ ಗ್ರಂಥಿಗಳು ಅಡ್ರಿನಲಿನ್ ಸುರಿಸುತ್ತವೆ. ಎದೆ ಹೊಡೆದುಕೊಳ್ಳುತ್ತದೆ, ಮುಷ್ಟಿ ಬಿಗಿಯಾಗುತ್ತದೆ. ತಡೆದು ಯೋಚಿಸುವ ಹಣೆಯ ಹಿಂದಿನ ಭಾಗ ಪೂರ್ತಿ ಬಲಿಯುವುದು ಇಪ್ಪತ್ತು ದಾಟಿದ ಮೇಲೆ. ಅದಕ್ಕೇ ಮೊದಲು ನೀರು ಕುಡಿಯಬೇಕು, ಉಸಿರನ್ನು ನಿಧಾನವಾಗಿ ಹೊರಬಿಡಬೇಕು. ಉಸಿರು ಬಿಡುವಾಗ ಎದೆಬಡಿತ ತುಸು ಇಳಿಯುತ್ತದೆ. ಮಾತುಕತೆ ಆಮೇಲೆ.

ಹೀಗೆ ನಡುವೆ ನಿಂತು ಜಗಳ ತಪ್ಪಿಸುವವರು ನಮ್ಮ ಸೀಮೆಗೆ ಹೊಸಬರಲ್ಲ. ಚಿಂತಾಮಣಿ, ಶಿಡ್ಲಘಟ್ಟದ ಕಡೆಯ ಕೆರೆಗಳಲ್ಲಿ ತೂಬು ಎತ್ತಿ ಸರದಿಯಂತೆ ಗದ್ದೆಗಳಿಗೆ ನೀರು ಬಿಡುತ್ತಿದ್ದವನು ನೀರುಗಂಟಿ. ಕೆರೆಯಲ್ಲಿ ನೀರು ಕಡಿಮೆಯಿದ್ದ ವರ್ಷ ಕೊನೆಯ ಗದ್ದೆಯವರಿಗೂ ಪಾಲು ಸಿಗುವುದು ಅವನ ಕೈಯಲ್ಲಿತ್ತು. ಕೊಳವೆಬಾವಿಗಳು ಬಂದು ಕೆರೆಗಳು ಒಣಗಿದಂತೆ ಆ ಕೆಲಸವೂ ಮರೆಯಾಗುತ್ತಾ ಬಂತು. ನಿಮ್ಮ ತಾತಂದಿರನ್ನು ಕೇಳಿ, ಊರಿನ ನೀರುಗಂಟಿ ಮನೆ ಯಾವುದಾಗಿತ್ತು ಅಂತ ಹೇಳುತ್ತಾರೆ.

ಒಂದು ಎಚ್ಚರ. ಎಲ್ಲ ಜಗಳವೂ ಮಕ್ಕಳು ಬಿಡಿಸುವಂಥದ್ದಲ್ಲ. ಒಬ್ಬನನ್ನೇ ದಿನವೂ ಹೊಡೆಯುವುದು, ಜಾತಿ ಹಿಡಿದು ಬೈಯುವುದು, ಹೆದರಿಸಿ ದುಡ್ಡು ಕೇಳುವುದು, ಮುಟ್ಟಬಾರದ ಹಾಗೆ ಮುಟ್ಟುವುದು ಇವೆಲ್ಲ ಜಗಳವಲ್ಲ, ಅನ್ಯಾಯ. ಅಲ್ಲಿ ರಾಜಿ ಮಾಡಿಸಲು ಹೋಗಬೇಡಿ. ನಂಬಿಕೆಯ ಮೇಷ್ಟ್ರಿಗೋ ಮನೆಯವರಿಗೋ ತಕ್ಷಣ ಹೇಳಿ. ಹೇಳಲು ಯಾರೂ ಇಲ್ಲವೆನಿಸಿದರೆ 1098ಕ್ಕೆ ಕರೆ ಮಾಡಿ. ಅದು ಮಕ್ಕಳ ಸಹಾಯವಾಣಿ. ಹಗಲು ರಾತ್ರಿ ಯಾವಾಗ ಬೇಕಾದರೂ ಮಾಡಬಹುದು, ದುಡ್ಡು ಕೊಡಬೇಕಾಗಿಲ್ಲ.