ಖಾಡಿಯ ಕೆಸರಿನಲ್ಲಿ ಕಲಿತ ಪಾಠ

(ಸಂಘದ ಶಿಕ್ಷಕರ ಸಮಾವೇಶದಲ್ಲಿ ಮಾಡಿದ ಭಾಷಣದ ಬರಹರೂಪ)



ಕಡಲಂಚಿನ ಪರಿಸರದ ಮೇಲೆ ಮಾನವನ ಪ್ರಭಾವ ಎಂಬ ವಿಷಯವನ್ನು ನನಗೆ ಒಪ್ಪಿಸಿದ್ದೀರಿ. ಈ ಪಾಠವನ್ನು ನಾನು ಬಹುಕಾಲ ಅರ್ಧದಷ್ಟೇ ಕಲಿಸಿದೆನೆಂಬ ಒಪ್ಪಿಗೆಯಿಂದ ಮಾತು ಆರಂಭಿಸುತ್ತೇನೆ. ಕರಿಹಲಗೆಯ ಮೇಲೆ ‘ಮಾನವ’ ಎಂದು ಬರೆಯುವಾಗಲೆಲ್ಲ ನನ್ನ ಮನಸ್ಸಿನಲ್ಲಿದ್ದವನು ಬೇರೊಬ್ಬ: ಕಾರ್ಖಾನೆಯ ಒಡೆಯ, ಕಟ್ಟಡದ ಗುತ್ತಿಗೆದಾರ, ಸಹಿ ಹಾಕುವ ಅಧಿಕಾರಿ. ನಾನಾಗಲಿ ನನ್ನ ಮಕ್ಕಳಾಗಲಿ ಆ ಪದದೊಳಗೆ ಇರಲಿಲ್ಲ.

ಮಹಾರಾಷ್ಟ್ರದಲ್ಲಿ 2018ರಲ್ಲಿ ಬಂದ ಹತ್ತನೆಯ ತರಗತಿಯ ಭೂಗೋಳ ಪುಸ್ತಕದ ಮೊದಲ ಪಾಠವೇ ಕ್ಷೇತ್ರಭೇಟಿ. ಅಲ್ಲಿ ಮಕ್ಕಳು ನಳದುರ್ಗದಿಂದ ಅಲಿಬಾಗಿಗೆ ಪ್ರಯಾಣ ಮಾಡುತ್ತಾರೆ. ನಮ್ಮ ಮಕ್ಕಳು ಅಷ್ಟು ದೂರ ಹೋಗಬೇಕಾಗಿಲ್ಲ. ಮಾನಖುರ್ದ್ ಬಿಟ್ಟ ರೈಲು ವಾಶಿ ತಲುಪುವ ಮೊದಲು ನಾವು ಮೂಗು ಮುಚ್ಚಿಕೊಂಡು ದಾಟುವ ಠಾಣೆ ಖಾಡಿಯೇ ಸಾಕು. ಕುಂದಾಪುರ, ಕುಮಟೆಗಳ ಕಡೆಯಿಂದ ಬಂದವರು ತಮ್ಮೂರಿನ ಅಳಿವೆಯನ್ನು ನೆನೆದು ಕಣ್ಣು ತೇವ ಮಾಡಿಕೊಳ್ಳುತ್ತೇವೆ. ಇಲ್ಲಿನ ಅಳಿವೆಯತ್ತ ಮುಖ ತಿರುಗಿಸುತ್ತೇವೆ.

ಕೆಲವು ವರ್ಷಗಳ ಹಿಂದೆ ಮಕ್ಕಳನ್ನು ಆ ಕೆಸರಿಗೆ ಇಳಿಸಲು ನಿರ್ಧರಿಸಿದೆ. ಇಳಿತದ ಹೊತ್ತು ತಿಳಿಯಬೇಕಿತ್ತು. ಕೋಳಿವಾಡದ ಹಿರಿಯರೊಬ್ಬರು ಗಡಿಯಾರ ನೋಡದೆ ಲೆಕ್ಕ ಹೇಳಿಕೊಟ್ಟರು: ತಿಥಿಯ ಸಂಖ್ಯೆಯ ಮುಕ್ಕಾಲು ಭಾಗವೇ ಭರತದ ಗಂಟೆ, ಅದಕ್ಕೆ ಆರು ಕೂಡಿಸಿದರೆ ಇಳಿತ. ಚೌತಿಗೆ ಮೂರು ಗಂಟೆಗೆ ಭರತ, ಒಂಬತ್ತಕ್ಕೆ ಇಳಿತ. ನಾನು ಪಾಠ ಮಾಡುತ್ತ ಬಂದ ಚಂದ್ರನ ಆಕರ್ಷಣೆ ಆ ಹಿರಿಯರ ಬೆರಳೆಣಿಕೆಯಲ್ಲಿ ಅಡಗಿತ್ತು.

ಚೌತಿಯ ಬೆಳಿಗ್ಗೆ ಕಟ್ಟೆಯಿಂದ ನೀರಿನಂಚಿನವರೆಗೆ ಹಗ್ಗ ಹಿಡಿದೆವು. ಹತ್ತು ಹೆಜ್ಜೆಗೊಮ್ಮೆ ಒಂದು ಮೀಟರಿನ ಮರದ ಚೌಕಟ್ಟನ್ನು ಇಟ್ಟು, ಅದರೊಳಗಿನ ಏಡಿಯ ಬಿಲಗಳನ್ನು, ಕಾಂಡ್ಲಾ ಗಿಡದ ಉಸಿರುಬೇರುಗಳನ್ನು, ಕಸವನ್ನು ಮಕ್ಕಳು ಎಣಿಸಿದರು. ಚರಂಡಿ ಬಂದು ಸೇರುವ ಕಡೆ ಬಿಲಗಳು ವಿರಳವಾಗಿದ್ದವು. ಕೆಸರು ಕಪ್ಪಾಗಿ, ಕೊಳೆತ ಮೊಟ್ಟೆಯ ವಾಸನೆ ಬರುತ್ತಿತ್ತು. ಕೊಳಚೆ ಕೊಳೆಯುವಾಗ ನೀರಿನ ಆಮ್ಲಜನಕವನ್ನು ತಿಂದುಹಾಕುತ್ತದೆಂಬುದನ್ನು ಅಂದು ವಿವರಿಸುವ ಶ್ರಮವೇ ಬೀಳಲಿಲ್ಲ.

ಖಾಡಿ ಸುಮಾರು 26 ಕಿಲೋಮೀಟರ್ ಉದ್ದ. ಠಾಣೆಯ ತುದಿಯಲ್ಲಿ ಬಹಳ ಕಿರಿದು. ಮಳೆಗಾಲ ಕಳೆದ ಮೇಲೆ ಸಿಹಿನೀರು ಬರುವುದು ಅತ್ಯಲ್ಪ. ಆದ್ದರಿಂದ ಒಳಗೆ ಬಿದ್ದದ್ದು ಬೇಗ ಕಡಲಿಗೆ ಹೋಗದೆ ಭರತ-ಇಳಿತಗಳ ನಡುವೆ ತೂಗಾಡುತ್ತದೆ. 1960ರ ದಶಕದಿಂದ ಠಾಣೆ-ಬೇಲಾಪುರ ಪಟ್ಟಿಯಲ್ಲಿ ಬೆಳೆದ ಕಾರ್ಖಾನೆಗಳ ಪಾಲೂ ಇದರಲ್ಲಿದೆ, ನಗರಗಳ ಪಾಲೂ ಇದೆ. ಡೊಂಬಿವಲಿ, ಕಲ್ಯಾಣಗಳಲ್ಲಿರುವ ನಾವು ಈ ಪಾಪದಿಂದ ಹೊರಗುಳಿದೆವೆಂದು ತಿಳಿಯಬಾರದು. ನಮ್ಮ ಕೊಳಚೆಗೆ ಉಲ್ಹಾಸ ನದಿಯಿದೆ.

ಇಲ್ಲಿ ಯಾರೋ ಕೇಳಬಹುದು: ರಾಜಹಂಸಗಳು ಸಾವಿರಗಟ್ಟಲೆ ಬರುತ್ತವಲ್ಲ? ನಿಜ. 2015ರಲ್ಲಿ ಇದು ರಾಜಹಂಸ ಅಭಯಾರಣ್ಯವಾಯಿತು, 2022ರಲ್ಲಿ ರಾಮ್ಸರ್ ಪಟ್ಟಿಗೆ ಸೇರಿತು. ಆದರೆ ಕೊಳಚೆಯ ಪೋಷಕಾಂಶಗಳಿಂದ ಹುಲುಸಾಗುವ ಪಾಚಿಯೇ ಆ ಹಕ್ಕಿಗಳಿಗೆ ಆಹಾರವಾಗುತ್ತದೆಂದು ತಜ್ಞರು ಹೇಳುತ್ತಾರೆ. ಹಕ್ಕಿಯ ಚೆಲುವು ನೀರಿನ ಶುದ್ಧಿಗೆ ಸಾಕ್ಷಿಯಲ್ಲ.

ಈಗ ಆ ದಿನದ ಮುಖ್ಯ ಘಟನೆ. ಒಂಬತ್ತನೆಯ ತರಗತಿಯ ಹುಡುಗಿಯೊಬ್ಬಳ ಚೌಕಟ್ಟಿನೊಳಗೆ ಗಂಟು ಹಾಕಿದ ಪ್ಲಾಸ್ಟಿಕ್ ಚೀಲವೊಂದಿತ್ತು. ಬಿಚ್ಚಿದಾಗ ಕೊಳೆತ ಸೇವಂತಿಗೆ, ಅಡಿಕೆ, ಮತ್ತು ಅವನ್ನು ಸುತ್ತಿದ್ದ ಕನ್ನಡ ದಿನದರ್ಶಿಕೆಯ ಹಾಳೆ. ಯಾರೋ ಭಕ್ತಿಯಿಂದ ವಿಸರ್ಜಿಸಿದ ನಿರ್ಮಾಲ್ಯ. ಅಕ್ಷರಗಳು ಇನ್ನೂ ಓದುವಂತಿದ್ದವು. ಅವಳು ನನ್ನತ್ತ ನೋಡಿ, “ಸರ್, ಇದನ್ನು ಯಾವ ಕಾಲಮ್ಮಿನಲ್ಲಿ ಬರೆಯಲಿ?” ಎಂದಳು. ನಾನು ಹಾಕಿಕೊಟ್ಟ ಕೋಷ್ಟಕದಲ್ಲಿ ಕಾರ್ಖಾನೆ, ನಗರಸಭೆ, ಕಟ್ಟಡ ಕಾಮಗಾರಿ ಎಂಬ ಮೂರೇ ಕಾಲಮ್ಮುಗಳಿದ್ದವು. ವಾಶಿಯ ಸೇತುವೆ ಬಂದಾಗ ಎದ್ದು ಬಾಗಿಲಿಗೆ ಹೋಗಿ, ಕೈಮುಗಿದು, ಇಂಥದೇ ಚೀಲವನ್ನು ನಾನೂ ಎಸೆದವನು. ನಾಲ್ಕನೆಯ ಗೆರೆ ಎಳೆಯಲು ಹೇಳಿದೆ. ಅದರ ಮೇಲೆ ‘ನಮ್ಮ ಮನೆ’ ಎಂದು ಬರೆಸಿದೆ.

ಬಂಧುಗಳೇ, ಕಾನೂನು ಇಲ್ಲವೆಂದಲ್ಲ. 1991ರಲ್ಲಿ ಕರಾವಳಿ ನಿಯಂತ್ರಣ ವಲಯದ ಅಧಿಸೂಚನೆ ಬಂತು. ಕಾಂಡ್ಲಾ ವನದ ನಾಶ ನಾಗರಿಕರ ಮೂಲಭೂತ ಹಕ್ಕಿಗೆ ಧಕ್ಕೆಯೆಂದು ಮುಂಬಯಿ ಉಚ್ಚ ನ್ಯಾಯಾಲಯ 2018ರಲ್ಲಿ ಹೇಳಿತು. ದೊಡ್ಡವರನ್ನು ಪ್ರಶ್ನಿಸುವುದನ್ನು ನಾವು ಬಿಡಬಾರದು. ಆದರೆ ನಾಲ್ಕನೆಯ ಕಾಲಮ್ಮನ್ನು ಬಚ್ಚಿಟ್ಟು ಉಳಿದ ಮೂರನ್ನು ಪ್ರಶ್ನಿಸುವ ಧ್ವನಿಗೆ ಬಲವಿರುವುದಿಲ್ಲ. ಈ ನೆಲಕ್ಕೆ ಅನ್ನಕ್ಕಾಗಿ ಬಂದವರು ನಾವು; ಇಲ್ಲಿನ ನೀರಿನ ಋಣ ನಮಗೂ ಇದೆ.

ನನ್ನ ಕೋರಿಕೆ ಎರಡೇ. ನಮ್ಮ ಪ್ರತಿಯೊಂದು ಶಾಲೆಯೂ ಖಾಡಿಯಂಚಿನ ಒಂದೇ ಜಾಗವನ್ನು ಆರಿಸಿ, ವರ್ಷಕ್ಕೊಮ್ಮೆ ಅದೇ ತಿಂಗಳ ಅದೇ ತಿಥಿಯಂದು ಎಣಿಸಿ, ಒಂದೇ ಪುಸ್ತಕದಲ್ಲಿ ಬರೆದಿಡಲಿ. ಹತ್ತು ವರ್ಷದ ಎಣಿಕೆ ಯಾವ ಭಾಷಣಕ್ಕಿಂತಲೂ ಹೆಚ್ಚು ಮಾತನಾಡುತ್ತದೆ. ಸಂಘದ ಪೂಜೆಗಳ ನಿರ್ಮಾಲ್ಯ ಈ ವರ್ಷದಿಂದ ಗೊಬ್ಬರದ ಗುಂಡಿಗೆ ಹೋಗಲಿ.